ಬೆಟ್ಟದ ತಾಯಿಯ ಬಾಗಿಲು

ತಬೇನ, ಮಾರ್ಚ್ ಹನ್ನೆರಡು
ಚಕ್ರವರ್ತಿ ಜೂಲಿಯನ್ ಪಟ್ಟಕ್ಕೆ ಬಂದ ಮೊದಲ ವಸಂತ

ಅಂತಿಯೋಕ್ಯದಲ್ಲಿರುವ ತಮ್ಮ ತ್ರೊಫಿಮನಿಗೆ ಅಕ್ಕ ಅಮ್ಮಿಯಾ ಬರೆಯುವುದು.

ನಿಂತು ಓದಬೇಡ, ಕುಳಿತುಕೋ. ಬೆಟ್ಟದ ತಾಯಿಯ ಗುಡಿ ತೆರೆದಿದೆ. ನಾವು ಚಿಕ್ಕವರಿದ್ದಾಗ ಕಲ್ಲಿಟ್ಟು ಮುಚ್ಚಿದ ಬಾಗಿಲು ಅದು. ಅಜ್ಜಿ ಸಾಯುವವರೆಗೂ ಆ ದಾರಿಯಲ್ಲಿ ಹಾಯುವಾಗ ಮುಖ ತಿರುಗಿಸಿಕೊಳ್ಳುತ್ತಿದ್ದಳು, ನೆನಪಿದೆಯೇ?

ಹಳೆಯ ದೇವರುಗಳ ಗುಡಿಗಳನ್ನೆಲ್ಲ ತೆರೆಯಬೇಕು, ಕೆಡವಿದವರೇ ಕಟ್ಟಿಕೊಡಬೇಕು ಎಂದು ಹೊಸ ಚಕ್ರವರ್ತಿಯ ಆಜ್ಞೆ ಬಂತು. ಊರ ಸಭೆಯ ಮುಖ್ಯಸ್ಥ ಮೆನೊಜೆನ ಅದನ್ನು ಚೌಕದಲ್ಲಿ ನಿಂತು ಗಂಟಲು ಹರಿಯುವಂತೆ ಓದಿದ. ಹೋದ ಈಸ್ಟರ್‌ಗೆ ಇದೇ ಮೆನೊಜೆನ ಚರ್ಚಿನಲ್ಲಿ ಮುಂದಿನ ಸಾಲಿನಲ್ಲಿ ನಿಂತಿದ್ದನೆಂದು ನೆನಪಿಸುವ ಧೈರ್ಯ ಯಾರಿಗೂ ಬರಲಿಲ್ಲ. ಆಮೇಲೆ ಎಲ್ಲರೂ ನನ್ನ ಕಡೆ ತಿರುಗಿದರು. ಕೊನೆಯ ಪೂಜಾರಿಣಿಯ ಮೊಮ್ಮಗಳು, ಗಂಡ ಸತ್ತವಳು, ಮಕ್ಕಳಿಲ್ಲದವಳು. "ಬೇರೆ ಯಾರಿದ್ದಾರೆ ಅಮ್ಮಿಯಾ? ನೀನೇ ಆಗ್ಬೇಕು" ಅಂದರು. ಉಣ್ಣೆಗೆ ಬಣ್ಣ ಹಾಕಿ ನೀಲಿಯಾದ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೂಂ ಅಂದೆ.

ಗೋಡೆ ಒಡೆಯುವಾಗ ಅರ್ಧ ಊರು ಸೇರಿತ್ತು. ಒಂದೆರಡು ಕಲ್ಲು ಬಿದ್ದು ಕೈ ತೂರುವಷ್ಟು ಕಂಡಿಯಾಯಿತು. ಅಷ್ಟರಲ್ಲಿ ಒಡೆಯುತ್ತಿದ್ದವನು ಸುತ್ತಿಗೆ ಇಳಿಸಿ, "ಒಳಗೆ ಯಾರೋ ಇದ್ದಾರೆ" ಅಂದ. ನಾವೆಲ್ಲ ಉಸಿರು ಹಿಡಿದೆವು. ಯಾರೋ ಪಿಸುಗುಟ್ಟುತ್ತಿರುವ ಸದ್ದು.

ಅದು ನೀರು, ತ್ರೊಫಿಮ. ಗರ್ಭಗುಡಿಯೊಳಗಿನ ಒರತೆ. ಕಂಬ ಹೊತ್ತೊಯ್ದರು, ತಾಯಿಯ ಮೂರ್ತಿಯನ್ನು ಪುಡಿ ಮಾಡಿದರು, ಬಾಗಿಲು ಮುಚ್ಚಿದರು. ಒರತೆಯನ್ನು ಯಾರೂ ಗಮನಿಸಲಿಲ್ಲ. ಇಪ್ಪತ್ತು ವರ್ಷ ಕತ್ತಲೆಯಲ್ಲಿ ಕೇಳುವವರಿಲ್ಲದೆ, ಕುಡಿಯುವವರಿಲ್ಲದೆ ಅದು ಹರಿಯುತ್ತಲೇ ಇತ್ತು. ಕಂಡಿಯಿಂದ ಬಿಸಿಲಿನ ಒಂದು ಕೋಲು ಒಳಗೆ ಹೋಗಿ ನೀರಿನ ಮೇಲೆ ಬಿದ್ದು ಛಾವಣಿಯಲ್ಲಿ ಕುಣಿಯಿತು. ಹುಟ್ಟಿದಂದಿನಿಂದ ಕ್ರಿಸ್ತನವನಾದ ಆ ಕಲ್ಲುಕುಟಿಗನೇ ಟೋಪಿ ತೆಗೆದ.

ಈಗ ನಿನ್ನಿಂದ ಒಂದು ಸಹಾಯ ಆಗಬೇಕು. ದೀಪ ಹಚ್ಚುವಾಗಿನ ಹಾಡನ್ನು ಅಜ್ಜಿ ಪರದೆಯ ಒಳಗೆ ಹಾಡುತ್ತಿದ್ದಳು. ಮದುವೆಯಾಗದ ಹುಡುಗಿಯರು ಹೊರಗೇ ನಿಲ್ಲಬೇಕಿತ್ತು. ನನಗೆ ರಾಗ ಬರುತ್ತದೆ, ಮಾತು ಬರುವುದಿಲ್ಲ. ಒಳಗೆ ನಿಂತು ಜೊತೆಗೆ ಹಾಡುತ್ತಿದ್ದವನು ನೀನು. ಬರೆದು ಕಳಿಸು.

ಅಮ್ಮಿಯಾ


ಅಂತಿಯೋಕ್ಯ, ಏಪ್ರಿಲ್ ಇಪ್ಪತ್ತೊಂದು

ಅಕ್ಕನಿಗೆ ತ್ರೊಫಿಮನ ವಂದನೆಗಳು.

ಪತ್ರ ಉಣ್ಣೆ ವ್ಯಾಪಾರಿಯ ಕೈಯಿಂದ ಬಂತು. ನನ್ನ ಹೆಂಡತಿ ದೊಮ್ನ ಕ್ಷೇಮವಾಗಿದ್ದಾಳೆ, ನಾನೂ. ಪಾಠಶಾಲೆಯಲ್ಲಿ ಈ ವರ್ಷ ಬೆಂಚು ಸಾಲುತ್ತಿಲ್ಲ. ಸಿರಿಯದ ಅರ್ಧ ಹುಡುಗರಿಗೆ ಹಳೆಯ ಕವಿಗಳನ್ನು ನಾನೇ ಓದಿಸುತ್ತಿದ್ದೇನೆಂದು ಜನ ಹೇಳುತ್ತಾರೆ.

ಹಾಡು ನನಗೆ ಮರೆತುಹೋಗಿದೆ. ಚಿಕ್ಕ ವಯಸ್ಸಿನ ಮಾತು, ಅಕ್ಕ. ಮೂರನೆಯ ಸಾಲಿನ ನಡುವೆ ಅಜ್ಜಿ ಉಸಿರು ಎಳೆದುಕೊಳ್ಳುತ್ತಿದ್ದುದು ಬಿಟ್ಟರೆ ಬೇರೇನೂ ನೆನಪಿಲ್ಲ.

ನೀನು ಈ ಹುದ್ದೆ ಒಪ್ಪಿದ್ದು ನನಗೆ ಹಿಡಿಸಲಿಲ್ಲ. ಊರವರು ನಿನ್ನನ್ನು ಮುಂದೆ ನಿಲ್ಲಿಸಿ ಹಿಂದೆ ನಿಲ್ಲುತ್ತಾರೆ. ಗಾಳಿ ತಿರುಗಿದ ದಿನ ಹಿಂದೆ ಯಾರೂ ಇರುವುದಿಲ್ಲ. ನಾನು ದೀಕ್ಷಾಸ್ನಾನ ಪಡೆದು ಕ್ರಿಸ್ತನವನಾದವನು ಎಂಬ ಕಾರಣಕ್ಕೆ ಹೇಳುತ್ತಿಲ್ಲ, ತಮ್ಮನಾಗಿ ಹೇಳುತ್ತಿದ್ದೇನೆ. ದೊಡ್ಡ ಹೆಸರು ಬಂತೆಂದು ಹಿಗ್ಗಬೇಡ.

ತ್ರೊಫಿಮ


ತಬೇನ, ಜೂನ್ ನಾಲ್ಕು

ತಮ್ಮಾ,

ಮರೆತೆಯಾ? ಹತ್ತು ಸಾವಿರ ಸಾಲು ಬಾಯಿಪಾಠ ಒಪ್ಪಿಸುವವನು ಇಪ್ಪತ್ತು ಸಾಲಿನ ಹಾಡು ಮರೆತೆಯಾ? ಇರಲಿ. ಕೊಡಲಾರೆ ಎಂದಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ.

ಹಬ್ಬ ಹಾಡಿಲ್ಲದೆ ನಡೆಯಿತು. ಹೇಗಿತ್ತು ಅಂತ ಕೇಳಬೇಡ, ನಾನೇ ಹೇಳುತ್ತೇನೆ. ಬಲಿಯ ಕುರಿ ಎರಡು ಸಲ ತಪ್ಪಿಸಿಕೊಂಡು ಓಡಿತು. ಗಂಧದ ಹೊಗೆಗೆ ಮೆನೊಜೆನನಿಗೆ ಕೆಮ್ಮು ಹತ್ತಿತು. ಕೆಮ್ಮುತ್ತಲೇ ಅವನು ಚಕ್ರವರ್ತಿಯ ಓಲೆ ಓದಿದ. ಪೂಜಾರಿಗಳು ಹೆಂಡದಂಗಡಿಗೆ ಹೋಗಬಾರದು, ನಾಟಕ ನೋಡಬಾರದು, ಬಡವರಿಗೆ ಅನ್ನ ಹಾಕಬೇಕು, ಗಲಿಲಾಯದವರು, ಅಂದರೆ ಕ್ರಿಸ್ತನವರು, ತಮ್ಮವರನ್ನಲ್ಲದೆ ನಮ್ಮವರನ್ನೂ ಸಾಕುತ್ತಿದ್ದಾರೆ, ಇದು ನಮಗೆ ನಾಚಿಕೆ, ಅಂತ. ಹಿಂದಿನಿಂದ ಒಬ್ಬ ಕೂಗಿದ:

"ಹಂಗಾದ್ರೆ ಚರ್ಚಿಗೇ ಹೋಗಿದ್ರೆ ಆಗ್ತಿತ್ತಲ್ಲ ಸ್ವಾಮಿ, ಅಲ್ಲಿ ಓದೋದು ಕಮ್ಮಿ, ಊಟ ಬೇಗ!"

ಎಲ್ಲರೂ ನಕ್ಕರು. ನನಗೂ ನಗು ಬಂತು, ನುಂಗಿಕೊಂಡೆ. ಎಳೆಯರಿಗೆ ಎಲ್ಲಿ ಕೈ ಮುಗಿಯಬೇಕೆಂಬುದೇ ಗೊತ್ತಿರಲಿಲ್ಲ. ಕಣ್ಣೆಲ್ಲ ಮಾಂಸ ಬೇಯುತ್ತಿದ್ದ ಬಾಣಲೆಯ ಮೇಲೆ.

ದೀಪ ಹಚ್ಚುವ ಹೊತ್ತು ಬಂತು. ಮಾತಿಲ್ಲ, ಆದ್ದರಿಂದ ಬರೀ ರಾಗವನ್ನೇ ಗುನುಗಿದೆ. ಮೂರನೆಯ ಸಾಲಿನ ನಡುವೆ ಉಸಿರು ಎಳೆದುಕೊಂಡೆ, ನೀನು ಹೇಳಿದ್ದೆಯಲ್ಲ. ಆಗ ಮುದುಕಿಯೊಬ್ಬಳು, ನೇಯುವ ತಾತಿಯಾ, ಕುತ್ತಿಗೆಯಲ್ಲಿ ಶಿಲುಬೆ ಹಾಕಿಕೊಂಡವಳು, ಗೋಡೆ ಹಿಡಿದು ಕುಸಿದು ಕೂತಳು. "ನಮ್ಮವ್ವ ಬಂದಂಗಾಯ್ತು ಕಣೇ" ಅಂದಳು. ಯಾವ ಅವ್ವ ಅಂತ ನಾನು ಕೇಳಲಿಲ್ಲ. ತಮ್ಮಾ, ನನ್ನ ಬೆನ್ನ ಹಿಂದೆ ಯಾರೋ ನಿಂತಿದ್ದಾರೆ ಅನ್ನಿಸಿತು. ಹೊರಳಿ ನೋಡಲು ಧೈರ್ಯವಾಗಲಿಲ್ಲ. ಇಷ್ಟು ದೊಡ್ಡದನ್ನು ಇಷ್ಟು ಸಣ್ಣ ಹೆಂಗಸಿನ ಕೈಗೆ ಕೊಟ್ಟಿದ್ದಾರಲ್ಲ!

ಬಿಷಪ್ ಜೋತಿಕರಿಗೆ ಸಭೆ ಕರೆ ಕಳಿಸಿದೆ. ಗುಡಿ ಕೆಡವಿಸಿದ್ದು ಅವರು, ನಮ್ಮ ಕಂಬಗಳು ಈಗ ಅವರ ಚರ್ಚಿನಲ್ಲಿ ನಿಂತಿವೆ. ವಾಪಸು ತಂದುಕೊಡಿ ಅಂದರೆ ಆಗುವುದಿಲ್ಲ ಅಂದರಂತೆ. ಅವರಿಗೀಗ ಎಪ್ಪತ್ತು ದಾಟಿದೆ. ಅಯ್ಯೋ ಪಾಪ ಅನ್ನಿಸಲಿಲ್ಲ ನನಗೆ. ಸ್ವಲ್ಪ ಕಲ್ಲು ಹೊರಲಿ ಬಿಡು.

ಅಮ್ಮಿಯಾ


ಅಂತಿಯೋಕ್ಯ, ಆಗಸ್ಟ್ ಹದಿನೇಳು

ಅಕ್ಕನಿಗೆ,

ಸೆಕೆ ವಿಪರೀತ. ಚಕ್ರವರ್ತಿ ಈ ಊರಿಗೇ ಬಂದು ಬೀಡುಬಿಟ್ಟಿದ್ದಾನೆ. ಬೀದಿಯಲ್ಲಿ ಎಲ್ಲಿ ನೋಡಿದರೂ ಬಲಿ ಕೊಟ್ಟು ಸುಟ್ಟ ಮಾಂಸದ ವಾಸನೆ.

ಕಣ್ಣು ಸ್ವಲ್ಪ ಮಂಕಾದ್ದರಿಂದ ಪಾಠಶಾಲೆ ಬಿಟ್ಟಿದ್ದೇನೆ. ಮನೆಯಲ್ಲಿ ವಿಶ್ರಾಂತಿ. ನೀನು ಚಿಂತೆ ಮಾಡುವಂಥದ್ದು ಏನೂ ಇಲ್ಲ. ದೊಮ್ನ ನಿನ್ನನ್ನು ಕೇಳಿದಳೆಂದು ತಿಳಿಸು ಎಂದಳು.

ತ್ರೊಫಿಮ


ತಬೇನ, ಸೆಪ್ಟೆಂಬರ್ ಇಪ್ಪತ್ತೈದು

ತಮ್ಮಾ,

ಕಣ್ಣಿಗೆ ಮುಲಾಮು ಕಳಿಸಿದ್ದೇನೆ. ರಾತ್ರಿ ಹಚ್ಚಿ ಬಟ್ಟೆ ಕಟ್ಟಿಕೋ. ಜೊತೆಗೆ ನಾನೇ ಬಣ್ಣ ಹಾಕಿದ ಕಂಬಳಿ ಇದೆ, ನೀಲಿ ನಿನಗೆ, ಕೆಂಪು ದೊಮ್ನಳಿಗೆ.

ನನಗೊಂದು ಯೋಚನೆ ಬಂದಿದೆ. ನೀನು ಈಗ ಬಿಡುವಾಗಿದ್ದೀಯ, ಚಕ್ರವರ್ತಿ ನಿನ್ನ ಊರಿನಲ್ಲೇ ಇದ್ದಾನೆ. ಓದಿದವರೆಂದರೆ ಪ್ರಾಣ ಬಿಡುತ್ತಾನಂತೆ. ಒಂದು ಸಲ ಅರಮನೆಗೆ ಹೋಗಿ, ನಮ್ಮ ಫ್ರುಗ್ಯ ಸೀಮೆಯಲ್ಲೊಂದು ಹಳೆಯ ಗುಡಿ ಇದೆ, ಛಾವಣಿ ಸೋರುತ್ತಿದೆ ಅಂತ ಹೇಳಬಾರದೇ? ನಿನ್ನಂಥ ಮೇಷ್ಟರ ಮಾತು ಅವನು ತೆಗೆದುಹಾಕಲಾರ. ನೀನು ಅವನ ಮುಂದೆ ನಿಂತು ಮಾತಾಡುವುದನ್ನು ನೆನೆಸಿಕೊಂಡೇ ನನ್ನ ಎದೆ ಉಬ್ಬುತ್ತದೆ.

ಅಮ್ಮಿಯಾ


ಅಂತಿಯೋಕ್ಯ, ನವೆಂಬರ್ ಎಂಟು

ಅಕ್ಕ,

ನನ್ನ ಕಣ್ಣು ಚೆನ್ನಾಗಿವೆ. ಮುಲಾಮನ್ನು ಪಕ್ಕದ ಮನೆಯ ಮುದುಕನಿಗೆ ಕೊಟ್ಟೆ.

ನಿನ್ನ ಪತ್ರ ಓದಿ ಮೊದಲು ನಕ್ಕೆ, ಆಮೇಲೆ ಅದನ್ನು ಗೋಡೆಗೆ ಎಸೆದೆ. ದೊಮ್ನ ಎತ್ತಿಕೊಂಡು ಮಡಿಚಿಟ್ಟಳು. "ಅವರಿಗೆ ಗೊತ್ತಿಲ್ವಲ್ಲ, ನೀವು ಹೇಳಿದ್ರೆ ತಾನೇ" ಅಂದಳು. ಆದ್ದರಿಂದ ಹೇಳುತ್ತೇನೆ.

ನಿನ್ನ ಚಕ್ರವರ್ತಿ ಬೇಸಿಗೆಯಲ್ಲಿ ಇನ್ನೊಂದು ಆಜ್ಞೆ ಹೊರಡಿಸಿದ. ಹಳೆಯ ದೇವರುಗಳನ್ನು ನಂಬದವರು ಆ ದೇವರುಗಳನ್ನು ಹಾಡಿದ ಕವಿಗಳನ್ನು ಪಾಠ ಮಾಡಕೂಡದು. ನಂಬದಿರುವುದನ್ನು ಕಲಿಸಿ ಹೊಟ್ಟೆ ಹೊರೆಯುವವನು ವಂಚಕ. ಬೇಕಾದರೆ ಚರ್ಚಿಗೆ ಹೋಗಿ ತನ್ನ ಸುವಾರ್ತೆ ಓದಿಕೊಳ್ಳಲಿ ಎಂದು. ಪಾಠಶಾಲೆಯ ಅಂಗಳದಲ್ಲಿ ಸಣ್ಣ ಬಲಿಪೀಠ ಇಟ್ಟಿದ್ದರು. ಹಳೆಯ ದೇವರಿಗೆಂದು ಅದರ ಕೆಂಡಕ್ಕೆ ಚಿಟಿಕೆ ಗಂಧ ಹಾಕಿದರೆ ಒಳಗೆ, ಇಲ್ಲದಿದ್ದರೆ ಹೊರಗೆ. ಮುಂದಿದ್ದವನು ಹಾಕಿದ. ನನ್ನ ಹಿಂದಿದ್ದವನು ನನ್ನ ಕಿವಿಯಲ್ಲಿ, "ಹಾಕ್ಬಿಡಯ್ಯ, ಧೂಳು ಅಷ್ಟೇ" ಅಂದ. ನನ್ನ ಬೆರಳ ನಡುವೆ ಗಂಧ ಇತ್ತು. ಯಾಕೋ ಅಜ್ಜಿ ನೆನಪಾದಳು. ಅವಳು ಇದನ್ನು ಎಂದೂ ಧೂಳು ಎನ್ನುತ್ತಿರಲಿಲ್ಲ. ಧೂಳು ಎಂದುಕೊಂಡು ಹಾಕಿದರೆ ನನ್ನ ದೇವರಿಗೂ ದ್ರೋಹ, ಅವಳ ದೇವರಿಗೂ ದ್ರೋಹ. ಕೈ ಒರೆಸಿಕೊಂಡು ಹೊರಗೆ ಬಂದೆ.

ನನ್ನನ್ನು ಕೊರೆಯುತ್ತಿರುವುದು ಏನು ಗೊತ್ತೇ? ಚಕ್ರವರ್ತಿ ಹೇಳಿದ್ದರಲ್ಲಿ ಅರ್ಧ ನಿಜ ಇರುವುದು.

ಇಲ್ಲಿ ಅವನ ಗಡ್ಡ ನೋಡಿ ಹಾಡು ಕಟ್ಟಿ ನಗುತ್ತಾರೆ. ಬಲಿಗೆ ಸೌದೆಯನ್ನು ತಾನೇ ಹೊರುತ್ತಾನಂತೆ, ಮಂಡಿಯೂರಿ ಬೆಂಕಿ ಊದುತ್ತಾನಂತೆ. ಇಡೀ ಲೋಕ ಒಂದು ಕಡೆ ಹರಿಯುತ್ತಿರುವಾಗ ಒಬ್ಬನೇ ನಡುನೀರಿನಲ್ಲಿ ನಿಂತು ಹಿಂದಕ್ಕೆ ತಳ್ಳುತ್ತಿದ್ದಾನೆ. ನನ್ನ ಅನ್ನ ಕಿತ್ತುಕೊಂಡವನ ಬಗ್ಗೆ ನನಗೆ ಇಷ್ಟು ಬೆರಗು ಇರಬಾರದು. ಇದೆ.

ಹೋದ ತಿಂಗಳು ಊರಾಚೆ ದಾಫ್ನೆಯಲ್ಲಿ ಹಳೆಯ ದೇವರು ಅಪೊಲೋನ ಗುಡಿಗೆ ಬೆಂಕಿ ಬಿತ್ತು. ಸಿಡಿಲೋ, ಮೇಣದ ಬತ್ತಿಯೋ, ಮನುಷ್ಯನೋ, ಯಾರಿಗೂ ಗೊತ್ತಿಲ್ಲ. ನಮ್ಮವರ ಮೇಲೆ ಅನುಮಾನ, ದೊಡ್ಡ ಚರ್ಚಿಗೆ ಬೀಗ. ಪರಿಚಯದವರು ನನ್ನನ್ನು ಕಂಡರೆ ಬೀದಿ ದಾಟುತ್ತಾರೆ.

ನಾನು ಗುಡಿಯ ಪರವಾಗಿ ಯಾರ ಮುಂದೆಯೂ ನಿಲ್ಲುವುದಿಲ್ಲ. ನೀನೊಂದು ತಿಳಿದುಕೋ. ಇವತ್ತು ನನ್ನನ್ನು ನಿಲ್ಲಿಸಿದಂತೆ ನಾಳೆ ನಿನ್ನ ತಾಯಿಯ ಹೆಸರಿನಲ್ಲಿ ನಿನ್ನ ಮುಂದೆಯೂ ಯಾರನ್ನಾದರೂ ತಂದು ನಿಲ್ಲಿಸುತ್ತಾರೆ. ಆಗ ಏನು ಮಾಡುತ್ತೀ?

ತ್ರೊಫಿಮ


ತಬೇನ, ಫೆಬ್ರವರಿ ಮೂರು

ತಮ್ಮಾ,

ಇಷ್ಟು ದಿನ ಬರೆಯದೇ ಇದ್ದುದಕ್ಕೆ ಘಟ್ಟದ ಹಿಮವೇ ಕಾರಣ ಅಂತ ಹೇಳಬಹುದಿತ್ತು. ನಿಜವೆಂದರೆ ನಿನಗೆ ಏನು ಬರೆಯಬೇಕೆಂದು ತಿಳಿಯಲಿಲ್ಲ. ನನ್ನ ಬಾಗಿಲು ತೆರೆದವನೇ ನಿನ್ನ ಬಾಗಿಲು ಮುಚ್ಚಿದ. ನಾನು ಅದೇ ಕೈಗೆ ಮುತ್ತಿಡು ಅಂತ ನಿನಗೆ ಬುದ್ಧಿ ಹೇಳಿದೆ.

ನೀನು ಕೇಳಿದ ಪ್ರಶ್ನೆ ನನ್ನ ಮನೆ ಬಾಗಿಲಿಗೇ ಬಂತು.

ಜನವರಿಯ ಕೊನೆಯಲ್ಲಿ ಪ್ರಾಂತಾಧಿಕಾರಿ ಬರುತ್ತಾನೆಂದು ಸುದ್ದಿ ಬಂತು. ಮೆನೊಜೆನನಿಗೆ ನಡುಕ ಹುಟ್ಟಿತು. ಗುಡಿ ಇನ್ನೂ ಬೋಳು, ಒಂದು ಕಂಬವೂ ಎದ್ದಿಲ್ಲ. ಹತ್ತಾರು ಜನರನ್ನು ಕಟ್ಟಿಕೊಂಡು ಹೋಗಿ ಬಿಷಪ್ಪರನ್ನು ಎಳೆದು ತಂದ. ಗುಡಿಯ ಮುಂದೆ ಉಳಿದಿರುವ ಮುರುಕು ಕಂಬದ ಬುಡಕ್ಕೆ ಕಟ್ಟಿದರು. ಒಳಬಟ್ಟೆ ಬಿಟ್ಟು ಮೈಮೇಲೆ ಏನಿಲ್ಲ, ಕಾಲಿಗೆ ಜೋಡಿಲ್ಲ, ಹಿಮ ಬೀಳುತ್ತಿದೆ.

"ಒಂದೇ ಒಂದು ಕಂಬ ಕೊಡ್ತೀನಿ ಅನ್ನಿ ಸ್ವಾಮಿ, ಬಿಚ್ಚಿಬಿಡ್ತೀವಿ" ಅಂದ ಮೆನೊಜೆನ.

"ಕೊಡಲ್ಲ."

"ಹೋಗ್ಲಿ, ಒಂದು ಕಲ್ಲು. ತೋರಿಕೆಗೆ."

"ದೇವರ ಮನೆಯಿಂದ ಬೊಂಬೆ ಮನೆಗೆ ಒಂದು ಚೂರೂ ಇಲ್ಲ. ನೀನು ನಮ್ಮ ಹತ್ರ ಮುಂದಿನ ಸಾಲಲ್ಲೇ ನಿಲ್ತಿದ್ದೆಯಲ್ಲಪ್ಪ ಮೆನೊಜೆನ, ಅಷ್ಟೂ ಕೇಳಿಸ್ಕೊಳ್ಳಲಿಲ್ವಾ?"

ಜನ ನಕ್ಕರು. ಆ ನಗುವಿಗೆ ಮೆನೊಜೆನ ಒಬ್ಬನ ಕೈಯಿಂದ ಬಿಷಪ್ಪರ ಮೇಲೆ ಕೊಡದ ನೀರು ಸುರಿಸಿದ. ನಗು ನಿಂತಿತು.

ನಾನು ಏನು ಮಾಡುತ್ತಿದ್ದೆ? ಒಳಗೆ ಹೋಗಿ ಬಾಗಿಲು ಹಾಕಿಕೊಂಡಿದ್ದೆ. ಒರತೆಯ ಪಕ್ಕ ಕೂತು ಕಿವಿ ಮುಚ್ಚಿಕೊಂಡೆ. ಮುಚ್ಚಿದ ಕಿವಿಯಲ್ಲೂ ನೀರಿನ ಸದ್ದು ಕೇಳುತ್ತಿತ್ತು. ಆಗ ನೀನು ಅಂಗಳದಲ್ಲಿ ಗಂಧ ಹಿಡಿದು ನಿಂತಿದ್ದು ಕಣ್ಣಿಗೆ ಕಟ್ಟಿತು. ನಿನ್ನ ಕಾಲಿಗೂ ಜೋಡಿಲ್ಲದಂತೆ ಕಂಡಿತು.

ಹೊರಗೆ ಬಂದು, "ಹಗ್ಗ ಬಿಚ್ಚಿ" ಅಂದೆ.

"ಒಳಗೆ ಹೋಗು ಅಮ್ಮಿಯಾ, ಇದು ಸಭೆ ವಿಷಯ" ಅಂದ ಮೆನೊಜೆನ.

"ಅವರ ಬೆನ್ನು ಒರಗಿರೋದು ಯಾರ ಕಲ್ಲಿಗೆ? ತಾಯಿ ಕಲ್ಲಿಗೆ. ತಾಯಿ ಕಲ್ಲು ಮುಟ್ಟಿದವರು ತಾಯಿಗೆ ಶರಣು ಬಂದವರು. ಅವರನ್ನ ಇನ್ನು ಯಾರೂ ಮುಟ್ಟೋ ಹಾಗಿಲ್ಲ."

"ಏ, ಗುಡಿ ಕೆಡವಿದವನೇ ಅವನು!"

"ಗೊತ್ತು. ನಮ್ಮಜ್ಜಿ ಅಳ್ತಿದ್ದಾಗ ಅವಳ ಕೈ ಹಿಡ್ಕೊಂಡಿದ್ದವಳು ನಾನು. ಅದಕ್ಕೇ ಹೇಳ್ತಿದೀನಿ. ತಾಯಿ ಬೇಕು ಅಂತ ಕೂಗಿದ್ರಲ್ಲ, ಬಂದಿದ್ದಾಳೆ. ಅವಳ ಮಾತು ನಡೀಬೇಕೋ ನಿಮ್ಮ ಮಾತೋ?"

ನನ್ನ ಗಂಟಲಿನಿಂದ ಬಂದ ದನಿ ನನ್ನದಾಗಿರಲಿಲ್ಲ, ತಮ್ಮಾ. ದೇವರಾಣೆ ನನ್ನದಾಗಿರಲಿಲ್ಲ. ಹಬ್ಬದ ದಿನ ಬಾಣಲೆ ನೋಡುತ್ತಿದ್ದ ಜನ ಒಂದು ಹೆಜ್ಜೆ ಹಿಂದೆ ಸರಿದರು. ನೀರು ಸುರಿದವನು ಕೊಡ ಕೆಳಗಿಟ್ಟು ಹಿಮದಲ್ಲಿ ಮಂಡಿಯೂರಿದ. ತಬೇನದಲ್ಲಿ ಅವತ್ತು ಮೊದಲ ಸಲ ಬೆಟ್ಟದ ತಾಯಿಗೆ ಹೆದರಿದರು. ನಾನೂ ಹೆದರಿದೆ.

ಬಿಷಪ್ಪರನ್ನು ಒಳಗೆ ಎಳೆದುಕೊಂಡು ಬಂದು ಬೆಂಕಿ ಹಚ್ಚಿದೆ. ಒರತೆಯ ನೀರು ಕಾಯಿಸಿ ಬಟ್ಟಲಲ್ಲಿ ಕೊಟ್ಟೆ. ಹಲ್ಲು ಕಟಕಟ ಅನ್ನುತ್ತಿದ್ದರೂ, "ಇದು ಅವಳಿಗೆ ಎಡೆಯಿಟ್ಟಿದ್ದೋ?" ಅಂದರು.

"ನೀರು ಸ್ವಾಮಿ. ಕುಡೀರಿ."

ಶಿಲುಬೆಯ ಗುರುತು ಹಾಕಿ ಒಂದು ಗುಟುಕು ಕುಡಿದರು. ಬಟ್ಟಲು ಕೆಳಗಿಟ್ಟು, "ನಿನಗೆ ಧನ್ಯವಾದ ಹೇಳಲಾರೆ ಮಗಳೇ. ಹೇಳಿದ್ರೆ ಅವಳಿಗೂ ಹೇಳ್ದಂಗಾಗತ್ತೆ" ಅಂದರು.

"ಬೇಡ ಬಿಡಿ. ನೀರು ಆರ್ತಾ ಇದೆ."

ಅವರು ಬೆಂಕಿ ನೋಡುತ್ತ ಹೇಳಿದರು. ಗುಡಿ ಕೆಡವಿದ ದಿನ ಅಜ್ಜಿ ಒಳಗೆ ಹಾಡುತ್ತಿದ್ದಳಂತೆ. ಹಾಡು ನಡುವಿನಲ್ಲಿದ್ದಾಗಲೇ ಇವರು ಮೊದಲ ಪೆಟ್ಟು ಹಾಕಿಸಿದರಂತೆ. "ಕೆಡವಿದ್ದು ಸರಿ. ಇವತ್ತೂ ಕೆಡವ್ತೀನಿ. ಆದ್ರೆ ಮುಗಿಯೋವರೆಗೆ ಕಾಯಬಹುದಿತ್ತು" ಅಂದರು.

ಅವರ ಕಾಲ್ಬೆರಳು ಕಪ್ಪಾಗಿವೆ. ಉಳಿಯುವುದು ಕಷ್ಟ.

ಅಮ್ಮಿಯಾ


ಅಂತಿಯೋಕ್ಯ, ಏಪ್ರಿಲ್ ಹತ್ತು

ಅಕ್ಕಾ,

ನಿನ್ನ ಪತ್ರವನ್ನು ಗಟ್ಟಿಯಾಗಿ ಓದಿದೆ. ದೊಮ್ನ ಹಿಟ್ಟು ನಾದುವುದನ್ನು ನಿಲ್ಲಿಸಿ ಕೇಳಿದಳು.

ಚಕ್ರವರ್ತಿ ಪಾರಸಿಕರ ಮೇಲೆ ಯುದ್ಧಕ್ಕೆ ಹೊರಟುಹೋದ. ಇಡೀ ದಿನ ಸೈನ್ಯ ಸೇತುವೆ ದಾಟುತ್ತಲೇ ಇತ್ತು. ಊರು ಈಗ ಜಾತ್ರೆ ಕಳೆದ ಬಯಲಿನಂತಿದೆ. ನಾನು ಎರಡು ಮನೆಗಳ ಮಕ್ಕಳಿಗೆ ಅಕ್ಷರ ಹೇಳಿಕೊಡುತ್ತಿದ್ದೇನೆ.

ನಾನು ಹಾಡನ್ನು ಮರೆತಿರಲಿಲ್ಲ. ನಿನಗೂ ಗೊತ್ತು. ಅದನ್ನು ಬರೆದರೆ ಪಾಪ ಎಂದುಕೊಂಡಿದ್ದೆ, ಈಗಲೂ ಅದರಲ್ಲಿ ನನಗೆ ಪೂರ್ತಿ ನೆಮ್ಮದಿಯಿಲ್ಲ. ಲೇಖನಿ ಹಿಡಿದು ಕೂತೇ ಇದ್ದೆ. ದೊಮ್ನ ಬಂದು ಭುಜದ ಮೇಲಿನಿಂದ ನೋಡಿದಳು. ದಿನಕ್ಕೆ ಮೂರು ಸಲ ಪ್ರಾರ್ಥನೆ ಮಾಡುವವಳು ಅವಳು. "ಬರೀರಿ" ಅಂದಳು. "ಕೇಳ್ತಿರೋದು ಯಾರು? ನಮ್ಮ ಬಿಷಪ್ಪರನ್ನ ಹಿಮದಿಂದ ಒಳಗೆ ಎಳ್ಕೊಂಡವರು. ಅವರನ್ನ ಬರಿಗೈಲಿ ಕಳಿಸ್ತೀರಾ?"

ಬರೆದೆ. ಇಪ್ಪತ್ತೊಂದು ಸಾಲು ಬೇರೆ ಹಾಳೆಯಲ್ಲಿವೆ. ಉಸಿರು ಎಳೆದುಕೊಳ್ಳುವ ಜಾಗದಲ್ಲಿ ಚುಕ್ಕೆ ಇಟ್ಟಿದ್ದೇನೆ. ಬರೆಯುತ್ತ ಹೋದಂತೆ ಅಜ್ಜಿಯ ತೋಳಿನ ಉಣ್ಣೆಯ ವಾಸನೆ ಬಂತು. ಕಣ್ಣು ಮಂಕಾಯಿತು, ಈ ಸಲ ನಿಜವಾಗಿ.

ತ್ರೊಫಿಮ


ತಬೇನ, ಸೆಪ್ಟೆಂಬರ್ ಇಪ್ಪತ್ತು

ತಮ್ಮಾ,

ನಿನ್ನ ಪತ್ರ ತಂದ ವ್ಯಾಪಾರಿ ದಾರಿಯಲ್ಲಿ ಜ್ವರ ಬಂದು ಮಲಗಿ, ಜುಲೈ ಕೊನೆಗೆ ಇಲ್ಲಿಗೆ ಬಂದ. ಹಾಳೆ ಕೈಗೆ ಕೊಟ್ಟವನೇ, "ಚಕ್ರವರ್ತಿ ಹೋದನಂತಲ್ಲ, ಅಮ್ಮ. ಪಾರಸಿಕರ ನಾಡಲ್ಲಿ, ಈಟಿ ತಗುಲಿ" ಅಂದ. ಒಂದು ಕೈಯಲ್ಲಿ ಹಾಡು, ಒಂದು ಕಿವಿಯಲ್ಲಿ ಸಾವು.

ಮೂವತ್ತೆರಡು ವಯಸ್ಸಂತೆ. ನಮಗಿಂತ ಚಿಕ್ಕವನೋ ದೊಡ್ಡವನೋ ಅಂತ ಲೆಕ್ಕ ಹಾಕುತ್ತ ಕೂತೆ. ನಿನ್ನಷ್ಟೇ ಅವನು.

ಮೆನೊಜೆನ ಮುಂದಿನ ಭಾನುವಾರವೇ ಚರ್ಚಿಗೆ ಹೋದ. ಮುಂದಿನ ಸಾಲು ಸಿಗಲಿಲ್ಲವಂತೆ, ಕಂಬದ ಹಿಂದೆ ನಿಂತನಂತೆ. ಜೋತಿಕರು ಈಸ್ಟರ್ ಮುಗಿದ ವಾರವೇ ತೀರಿಕೊಂಡಿದ್ದರು. ಕಾಲಿನ ಹುಣ್ಣು ಮೇಲೇರಿತ್ತು. ಶವದ ಹಿಂದೆ ನಾನೂ ನಡೆದೆ. ಯಾರೂ ಬೇಡ ಅನ್ನಲಿಲ್ಲ, ಬಾ ಅಂತಲೂ ಅನ್ನಲಿಲ್ಲ.

ಮೊನ್ನೆ ಅವರು ಬಂದರು. ಹೊಸ ಬಿಷಪ್ ಇನ್ನೂ ಬಂದಿಲ್ಲ. ಚರ್ಚಿನ ಸೇವಕ ಒನೇಸಿಮ ಮುಂದೆ, ಅವನ ಹಿಂದೆ ಅರ್ಧ ಊರು. ಸುತ್ತಿಗೆ, ಹಾರೆ, ಗಾರೆ ತುಂಬಿದ ಬುಟ್ಟಿ. ಹಿಮದಲ್ಲಿ ಹಗ್ಗ ಹಿಡಿದಿದ್ದವರೂ ಕೆಲವರು ಆ ಗುಂಪಿನಲ್ಲಿದ್ದರು, ಮುಖ ತಗ್ಗಿಸಿಕೊಂಡು. ನನ್ನ ಹಿಂದೆ ಯಾರೂ ಇರಲಿಲ್ಲ. ನೀನು ಹೇಳಿದ್ದು ಸರಿ.

ಓಡಬೇಕು ಅನ್ನಿಸಲಿಲ್ಲ. ಬಾಗಿಲಿಗೆ ಅಡ್ಡ ನಿಂತೆ.

ಒನೇಸಿಮ ಬಂದು ದೂರದಲ್ಲೇ ನಿಂತ. "ಅಮ್ಮಾ, ಹೊರಗೆ ಬನ್ನಿ. ನಿಮ್ಮನ್ನ ಯಾರೂ ಮುಟ್ಟಲ್ಲ. ಆದ್ರೆ ಇದು ಮುಚ್ಚಲೇಬೇಕು."

"ಗೊತ್ತು."

ಅವನು ತಲೆ ಕೆರೆದುಕೊಂಡ. "ಜೋತಿಕರು ಸಾಯೋ ಮುಂಚೆ ಒಂದು ಮಾತು ಹೇಳಿದ್ರು. ಆಕೆ ಹಾಡೋದಿದ್ರೆ ಹಾಡಲಿ, ಮುಗಿಯೋವರೆಗೆ ಯಾರೂ ಕೈ ಎತ್ತಬಾರದು ಅಂತ. ಯಾಕಂತ ನಂಗೆ ತಿಳೀದು. ಹಾಡೋದಿದೆಯಾ?"

ಒಳಗೆ ಹೋಗಿ ದೀಪ ಹಚ್ಚಿದೆ. ಬಾಗಿಲು ತೆರೆದೇ ಇತ್ತು.

ಬೆಟ್ಟವನ್ನು ಹೆತ್ತವಳೇ, ಬೆಟ್ಟಕ್ಕೂ ಮೊದಲಿದ್ದವಳೇ,
ಸಿಂಹ ನಿನ್ನ ಕಾಲ ಬಳಿ ಮಲಗಿದೆ, ನಾವೂ ಮಲಗಿದ್ದೇವೆ.
ಎದ್ದು ಬರಬೇಡ ತಾಯೇ, ಅಲ್ಲೇ ಇರು.
ನೀನಿದ್ದೀಯೆಂದು ತಿಳಿದರೆ ಸಾಕು.

ಇಷ್ಟು ವರ್ಷ ಮಾತಿಲ್ಲದೆ ನನ್ನೊಳಗೆ ಇದ್ದ ರಾಗಕ್ಕೆ ಮಾತುಗಳು ಒಂದೊಂದಾಗಿ ಬಂದು ಕೂತುಕೊಂಡವು. ನಿನ್ನ ಚುಕ್ಕೆ ಇದ್ದಲ್ಲಿ ಉಸಿರು ಎಳೆದುಕೊಂಡೆ. ಆ ಉಸಿರಿನ ಸದ್ದು ಹೊರಗಿನಿಂದಲೂ ಬಂತು, ತ್ರೊಫಿಮ. ನಾನೊಬ್ಬಳಲ್ಲ. ಗುಂಪಿನಲ್ಲಿದ್ದ ಹಳಬರು, ತಾತಿಯಾ, ಅವಳ ಗಂಡ, ಇನ್ನೂ ಯಾರು ಯಾರೋ, ಶಿಲುಬೆ ಹಾಕಿಕೊಂಡವರೇ, ಅದೇ ಜಾಗದಲ್ಲಿ ಉಸಿರು ಎಳೆದುಕೊಂಡರು. ಅವರು ಹಾಡಲಿಲ್ಲ. ಮೈಗೆ ಗೊತ್ತಿತ್ತು, ಅಷ್ಟೆ. ಇಪ್ಪತ್ತೊಂದು ಸಾಲು ಮುಗಿಯುವವರೆಗೆ ಒಂದು ಸುತ್ತಿಗೆಯೂ ಅಲುಗಲಿಲ್ಲ. ಇಡೀ ಊರು, ಹೊರಗೆ ಅವರು, ಒಳಗೆ ನಾನು, ಏನೋ ಒಂದು ಬಹಳ ದೊಡ್ಡದರ ಮುಂದೆ ನಿಂತಿದ್ದೆವು. ಅದಕ್ಕೆ ಯಾವ ಹೆಸರು ಅಂತ ಆ ಹೊತ್ತಿನಲ್ಲಿ ಯಾರನ್ನು ಕೇಳಿದ್ದರೂ ಹೇಳುತ್ತಿರಲಿಲ್ಲ.

ದೀಪವನ್ನು ಆರಿಸಲಿಲ್ಲ. ಹಾಗೇ ಬಿಟ್ಟು ಹೊರಗೆ ಬಂದೆ.

"ಮುಗೀತಾ ಅಮ್ಮಾ?" ಅಂದ ಒನೇಸಿಮ.

"ಮುಗೀತಪ್ಪ."

ಅವರು ಕೆಲಸ ಶುರು ಮಾಡಿದರು. ಸಂಜೆ ಹೊತ್ತಿಗೆ ಗೋಡೆ ನನ್ನ ಎತ್ತರ ದಾಟಿತು. ನಾನು ಮನೆಗೆ ಬಂದು ಬಣ್ಣದ ಹಂಡೆಗೆ ನೀರು ತುಂಬಿದೆ.

ಅಮ್ಮಿಯಾ


ಅಂತಿಯೋಕ್ಯ, ಮುಂದಿನ ವರ್ಷ, ಫೆಬ್ರವರಿ ಇಪ್ಪತ್ತಾರು

ಅಕ್ಕಾ,

ನಮ್ಮಂಥವರು ಪಾಠ ಮಾಡಕೂಡದೆಂಬ ಹಳೆಯ ಆಜ್ಞೆಯನ್ನು ರದ್ದು ಮಾಡಿದರು. ನಿನ್ನೆ ನಾನು ಮತ್ತೆ ಪಾಠಶಾಲೆಗೆ ಹೋದೆ. ಅಂಗಳದಲ್ಲಿ ಬಲಿಪೀಠ ಇರಲಿಲ್ಲ, ಅದಿದ್ದ ಕಡೆ ಕಲ್ಲು ಮಾತ್ರ ಬೆಳ್ಳಗಿತ್ತು. ಅವತ್ತು ಧೂಳು ಎಂದು ಕಿವಿಯಲ್ಲಿ ಹೇಳಿದವನು ಬಂದು ಅಪ್ಪಿಕೊಂಡ. ಹುಡುಗರು ಎದ್ದು ನಿಂತು ಕೂಗು ಹಾಕಿದರು. ನಮ್ಮವರ ಮಕ್ಕಳು ಹೆಚ್ಚು ಜೋರಾಗಿ ಕೂಗಿದರು, ಗೆದ್ದವರ ಕೂಗು.

ಹಳೆಯ ಯುದ್ಧದ ಕಾವ್ಯ ತೆಗೆದೆ. ಎಂದಿನ ಜಾಗದಿಂದ ಶುರು. ಮಗ ಸತ್ತವನ ಮನೆಗೆ ದೇವತೆ ಇಳಿದು ಬರುವ ಭಾಗ ಅದು. ಅಲ್ಲಿಗೆ ಬಂದಾಗ ನಾನು ಪ್ರತಿವರ್ಷ ಓದು ನಿಲ್ಲಿಸಿ ಒಂದು ಹಾಸ್ಯ ಹೇಳುತ್ತಿದ್ದೆ. ದೇವತೆಯ ನಡಿಗೆಯನ್ನು ಅಣಕಿಸಿ ತೋರಿಸುತ್ತಿದ್ದೆ. ಹುಡುಗರು ಬಿದ್ದು ಬಿದ್ದು ನಗುತ್ತಿದ್ದರು. ಅಂತಿಯೋಕ್ಯದಲ್ಲಿ ನನ್ನ ಪಾಠಕ್ಕೆ ಬೆಂಚು ಸಾಲದಿರುತ್ತಿದ್ದುದು ಅರ್ಧ ಆ ಹಾಸ್ಯಕ್ಕೇ.

ಆ ಸಾಲು ಬಂತು. ನಿಲ್ಲಿಸಿದೆ. ಹುಡುಗರು ಆಗಲೇ ತುಟಿ ಕಚ್ಚಿಕೊಂಡು ನಗು ತಡೆದು ಕಾಯುತ್ತಿದ್ದರು. ಮುಂದಿನ ಬೆಂಚಿನವನೊಬ್ಬ, "ನಡ್ಕೊಂಡು ತೋರ್ಸಿ ಗುರುಗಳೇ!" ಅಂದ.

ನಾನು ನಂಬುವ ದೇವರು ಒಬ್ಬನೇ, ಅಕ್ಕ. ನಿನ್ನೆಯೂ ಒಬ್ಬನೇ, ಇವತ್ತೂ ಒಬ್ಬನೇ. ಆದರೆ ನನ್ನ ಕಾಲು ಅಣಕಿಸಲು ಏಳಲಿಲ್ಲ. ಪುಸ್ತಕ ಹಿಡಿದು ಇದ್ದಲ್ಲೇ ನಿಂತೆ. ಹುಡುಗರ ಮುಖದ ಮೇಲಿನ ನಗು ಮೆಲ್ಲಗೆ ಇಳಿಯಿತು. ಹೊರಗೆ ಕತ್ತೆ ಗಾಡಿಯೊಂದು ಹೋಯಿತು, ಅದರ ಸದ್ದೂ ದೂರವಾಯಿತು.

ಕೇಳಿದ ಹುಡುಗ ತಾನಾಗಿಯೇ ಎದ್ದು ನಿಂತ. ಅವನನ್ನು ನೋಡಿ ಪಕ್ಕದವನು. ಯಾಕೆ ನಿಂತೆವೆಂದು ಅವರಿಗೆ ತಿಳಿದಿರಲಿಕ್ಕಿಲ್ಲ.

ಎಲ್ಲರೂ ನಿಂತ ಮೇಲೆ ನಾನು ಮುಂದಿನ ಸಾಲು ಓದಿದೆ.

ತ್ರೊಫಿಮ